ಹಾಜರಿ ಪುಸ್ತಕವನ್ನು ಓದುವುದು ಹೇಗೆ: ಗಣಿಯಿಂದ ಮ್ಯಾನ್‌ಹೋಲಿನವರೆಗೆ ಸುರಕ್ಷತೆಯ ಚರಿತ್ರೆ

ದಲಿತ ವಿಮರ್ಶೆ ಎಂದ ಕೂಡಲೆ ನಮ್ಮ ಕಣ್ಣು ಕವಿತೆ, ಕತೆ, ಆತ್ಮಕಥನಗಳ ಕಡೆ ಹೋಗುತ್ತದೆ. ಹೋಗಲಿ, ಅದು ಬೇಕಾದದ್ದೇ. ಆದರೆ ನಮ್ಮ ಜನರ ಬಗ್ಗೆ ಬರೆದವರು ಸಾಹಿತಿಗಳು ಮಾತ್ರವೆ? ಗಣಿಯ ಮ್ಯಾನೇಜರ್ ಬರೆದಿದ್ದಾನೆ. ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ಬರೆದಿದ್ದಾನೆ. ಠಾಣೆಯ ರೈಟರ್ ಬರೆದಿದ್ದಾನೆ. ಕಾಯ್ದೆಯ ಕರಡು ಮಾಡಿದ ದೆಹಲಿಯ ಅಧಿಕಾರಿ ಬರೆದಿದ್ದಾನೆ. ಕವಿಯೊಬ್ಬ ನಮ್ಮನ್ನು ತಪ್ಪಾಗಿ ಬರೆದರೆ ಅವಮಾನವಾಗುತ್ತದೆ. ಹಾಜರಿ ಬರೆಯುವವನು ಹೆಸರನ್ನೇ ಬಿಟ್ಟರೆ, ಸತ್ತವನು ಅಲ್ಲಿ ಕೆಲಸಕ್ಕೇ ಇರಲಿಲ್ಲ ಎಂದಾಗುತ್ತದೆ. ಈ ಎರಡನೆಯ ಬಗೆಯ ಬರಹವನ್ನು ನಾವು ಇನ್ನೂ ಸರಿಯಾಗಿ ಓದಿಲ್ಲ ಅನ್ನೋದು ನನ್ನ ತಕರಾರು.

ಕೆಲಸದ ಜಾಗದಲ್ಲಿನ ಸುರಕ್ಷತೆ ಮತ್ತು ಆರೋಗ್ಯ ಎಂಬ ವಿಷಯವನ್ನೇ ತೆಗೆದುಕೊಳ್ಳಿ. ಇದು ಇಂಜಿನಿಯರುಗಳಿಗೆ ಸಂಬಂಧಿಸಿದ್ದು, ನಮಗೇನು ಕೆಲಸ ಎಂದು ಸುಮ್ಮನಿದ್ದೇವೆ. ಹೆಲ್ಮೆಟ್ಟು, ಬೂಟು, ಗೋಡೆಗೆ ಅಂಟಿಸಿದ ಘೋಷಣೆ, ಪ್ರತಿ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನದ ಭಾಷಣ, ಒಂದು ಪ್ರತಿಜ್ಞೆ, ಖಾರಾಬೂಂದಿ. ಆಯುಧಪೂಜೆಯಲ್ಲಿ ಯಂತ್ರಕ್ಕೆ ಕುಂಕುಮ ಇಟ್ಟ ಹಾಗೆ. ಆದರೆ ಕರ್ನಾಟಕದ ಚರಿತ್ರೆಯನ್ನು ಕೆಳಗಿನಿಂದ, ಅಕ್ಷರಶಃ ನೆಲದ ಕೆಳಗಿನಿಂದ ಓದಿದರೆ, ಸುರಕ್ಷತೆ ಸಾಮಾನಿನ ಪ್ರಶ್ನೆ ಆಗುವುದಕ್ಕೆ ಮೊದಲು ಲೆಕ್ಕದ ಪ್ರಶ್ನೆ, ಮಾತಿನ ಪ್ರಶ್ನೆ. ಯಾರ ಸಾವು ಲೆಕ್ಕಕ್ಕೆ ಬಂತು? "ನಾನು ಇಳಿಯೋದಿಲ್ಲ" ಎಂದು ಹೇಳುವ ಹಕ್ಕು ಯಾರಿಗಿತ್ತು? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಎರಡು ಗುಂಡಿಗಳ ಚರಿತ್ರೆಯನ್ನು ನೋಡಬೇಕು. ಒಂದು ಕೋಲಾರದ ಚಿನ್ನದ ಗಣಿ. ಇನ್ನೊಂದು ಊರೂರಿನ ಮ್ಯಾನ್‌ಹೋಲು.

*

ಕೋಲಾರದ ಚಿನ್ನದ ಗಣಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಹೋಯಿತು. ಈ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ. ಹೇಳದೆ ಬಿಡುವ ಸಂಗತಿ ಏನೆಂದರೆ, ಆ ಕರೆಂಟು ಗಣಿಗೆ ಹೋದದ್ದು ಯಾರ ಮೈಮೇಲಿನ ಕೆಲಸಕ್ಕೆ ಎಂಬುದು. ಒಳಗಿಳಿದವರಲ್ಲಿ ದೊಡ್ಡ ಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ಮಾತಾಡುವ ಆದಿದ್ರಾವಿಡರು. ಜೊತೆಗೆ ತೆಲುಗು ಸೀಮೆಯವರು. ಹಳ್ಳಿಯ ಜಮೀನ್ದಾರನ ಜೀತಕ್ಕಿಂತ ನೆಲದಡಿಯ ಕತ್ತಲೆಯೇ ವಾಸಿ ಎಂದು ಬಂದವರು. ಇದನ್ನು ಮರೆಯಬಾರದು. ಗಣಿ ನಮ್ಮವರಿಗೆ ಶೋಷಣೆಯೂ ಹೌದು, ಬಿಡುಗಡೆಯೂ ಹೌದು. ತಿಂಗಳಿಗೆ ಸಂಬಳ, ಲೈನುಮನೆ, ಶಾಲೆ, ಸಂಘ ಎಲ್ಲ ಬಂದದ್ದು ಅಲ್ಲಿಂದಲೇ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಲೋಕದ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಕೆಳಗೆ ಬಂಡೆಯೇ ಬಿಸಿ. ಮೇಲಿನ ಭೂಮಿಯ ಭಾರವೆಲ್ಲ ಅದರ ಮೇಲೆ. ಅದಿರನ್ನು ತೆಗೆದು ಪೊಟರೆ ಮಾಡಿದರೆ ಸುತ್ತಲ ಬಂಡೆ ಬಾಂಬಿನ ಹಾಗೆ ಸಿಡಿಯುತ್ತದೆ. ಅದಕ್ಕೆ ರಾಕ್‌ಬರ್ಸ್ಟ್ ಎಂದು ಹೆಸರು. ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು. ಈ ಬಂಡೆ ಸಿಡಿತವನ್ನು ಕಂಪನಿ ಬಹಳ ಗಂಭೀರವಾಗಿಯೇ ತೆಗೆದುಕೊಂಡಿತು. ಮರದ ಆಧಾರ ಸಾಲದೆಂದು ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿದರು, ಅದಿರು ತೆಗೆಯುವ ಕ್ರಮವನ್ನು ಬದಲಿಸಿದರು, ಸಮಿತಿಗಳನ್ನು ಕೂರಿಸಿದರು. 1988ರಲ್ಲಿ ಕೇಂದ್ರ ಸರ್ಕಾರ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿತು. 1965ರಲ್ಲಿ ಇದೇ ಗಣಿಯ ಆಳದಲ್ಲಿ ಕೂತು ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಕಣದ ಸುಳಿವನ್ನು ಹಿಡಿದರು. ಯಾವುದಕ್ಕೂ ತಾಗದೆ ಭೂಮಿಯನ್ನೇ ತೂರಿಹೋಗುವ ಕಣವದು.

ಕಣ್ಣಿಗೆ ಕಾಣದ ಇನ್ನೊಂದು ಕಣ ಅಲ್ಲಿತ್ತು. ಸಿಲಿಕಾ ಧೂಳು. ಬಂಡೆಗೆ ಬೈರಿಗೆ ಕೊರೆದಾಗ ಏಳುವ ಈ ಧೂಳಿನಲ್ಲಿ ಕೂದಲೆಳೆಯ ಹತ್ತನೇ ಒಂದು ಪಾಲಿಗಿಂತಲೂ ಸಣ್ಣದಾದದ್ದೇ ಅಪಾಯ. ಅದು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಶ್ವಾಸಕೋಶ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಅದರ ಬೆನ್ನಿಗೆ ಕ್ಷಯ. ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಎಷ್ಟೋ ಜನ ಕೆಲಸ ಬಿಟ್ಟು ಊರಿಗೆ ಹೋಗಿರುತ್ತಾರೆ. ಅಲ್ಲಿ ಕೆಮ್ಮಿ ಸತ್ತರೆ ಅದು ಟಿಬಿ, ಅದು ವಿಧಿ. ಗಣಿಯ ಪುಸ್ತಕದಲ್ಲಿ ಆ ಸಾವಿಗೆ ಕಾಲಮ್ಮೇ ಇಲ್ಲ.

ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು ಇಲ್ಲಿಯೇ, 1934ರಲ್ಲಿ. ಗಣಿ ಆರಂಭವಾಗಿ ಅರ್ಧ ಶತಮಾನ ಕಳೆದ ಮೇಲೆ! 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮೀರಿದ ಜನರ ಎದೆಯಲ್ಲಿ ಈ ಕಾಯಿಲೆ ಕಂಡಿತು. ಬಂಡೆ ಸಿಡಿತಕ್ಕೂ ಧೂಳಿಗೂ ಯಾಕೆ ಈ ವ್ಯತ್ಯಾಸ? ನನ್ನ ಓದು ಇಷ್ಟು: ಬಂಡೆ ಸಿಡಿದರೆ ಕಾರ್ಮಿಕನ ಜೊತೆಗೆ ಸುರಂಗವೂ ಹೋಗುತ್ತದೆ, ಚಿನ್ನ ಬರುವುದು ನಿಲ್ಲುತ್ತದೆ, ಲಂಡನ್ನಿನ ಷೇರುದಾರ ಕೇಳುತ್ತಾನೆ. ಧೂಳು ಕಾರ್ಮಿಕನನ್ನು ಮಾತ್ರ ತೆಗೆದುಕೊಂಡು ಹೋಗುತ್ತದೆ. ಅವನ ಜಾಗಕ್ಕೆ ಉತ್ತರ ಆರ್ಕಾಟಿನ ಚೇರಿಯಿಂದ ಇನ್ನೊಬ್ಬ ಬರುತ್ತಾನೆ.

ಲೆಕ್ಕ ಇಡುವುದು ಕಂಪನಿಗೆ ಬರುತ್ತಿರಲಿಲ್ಲ ಎಂದಲ್ಲ. ಚಿನ್ನದ ಚೂರು ಹೊರಗೆ ಹೋಗದಂತೆ ತಪಾಸಣೆ, ಕಾವಲು, ಪೊಲೀಸು, ಪ್ರತ್ಯೇಕ ಕಾನೂನು ಎಲ್ಲ ಇದ್ದವು. ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಎಂದು ಹೊರಟಾಗ 1930ರಲ್ಲಿ ಗಣಿಯ ಜನ ಮುಷ್ಕರ ಹೂಡಿದರು. ಆ ಮುಷ್ಕರವನ್ನು ಕೂಲಿಯ ಹೋರಾಟಗಳ ಪಟ್ಟಿಗೆ ಸೇರಿಸಿ ಸುಮ್ಮನಾಗುವುದು ಸಾಲದು. ಬೆರಳು ಬೇಕು ಎಂದವರು ಎದೆಯ ಎಕ್ಸ್‌ರೇ ಬೇಕು ಎಂದು ಅದೇ ಆತುರದಲ್ಲಿ ಕೇಳಲಿಲ್ಲ. 2017ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್ ಹಾಜರಿ ತಂದಾಗ ನನಗೆ ನೆನಪಾದದ್ದು ಇದು. ಕಂತ್ರಾಟುದಾರರ ಸುಳ್ಳು ಹೆಸರುಗಳು ಅದರಿಂದ ಬಯಲಾದವು ಅನ್ನೋದೂ ನಿಜ, ಆ ಲಾಭವನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆರಳಿನ ಲೆಕ್ಕ ಇಟ್ಟಷ್ಟು ಸಲೀಸಾಗಿ ಉಸಿರಿನ ಲೆಕ್ಕ ಇಟ್ಟ ಪುರಸಭೆ ಯಾವುದಾದರೂ ಇದೆಯೆ?

*

ಇಲ್ಲಿ ಬಾಬಾಸಾಹೇಬರ ವಿಷಯಕ್ಕೆ ಬರಬೇಕು. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಾಂಗ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ನಮ್ಮ ಭಾಷಣಗಳಲ್ಲಿ ಈ ನಾಲ್ಕು ವರ್ಷಗಳಿಗೆ ಅರ್ಧ ವಾಕ್ಯ ಸಿಕ್ಕರೆ ಹೆಚ್ಚು. 1943ರ ಡಿಸೆಂಬರಿನಲ್ಲಿ ಅವರು ಧನಬಾದ್ ಕಡೆಯ ಕಲ್ಲಿದ್ದಲು ಗಣಿಗಳಿಗೆ ಹೋಗಿ, ಒಳಗಿಳಿದು ನೋಡಿದರು. 1944ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಕಾರ್ಖಾನೆಯ ಕೆಲಸ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. ದಣಿದ ಕೈಯೇ ಯಂತ್ರಕ್ಕೆ ಸಿಕ್ಕುವುದು. ಕೆಲಸದ ಅವಧಿ ಸುರಕ್ಷತೆಯ ಮೊದಲ ಉಪಕರಣ ಅನ್ನೋದು ಯಾವ ಕೂಲಿಯವನಿಗೂ ಗೊತ್ತು.

ಅದೇ ಕಾಲದಲ್ಲಿ, 1943ರಲ್ಲಿ, ಹೆಂಗಸರು ಕಲ್ಲಿದ್ದಲು ಗಣಿಯೊಳಗೆ ಇಳಿಯಬಾರದೆಂಬ ನಿಷೇಧವನ್ನು ಯುದ್ಧದ ಕಾರಣಕ್ಕೆ ಸರ್ಕಾರ ಸಡಿಲಿಸಿತು. ಶಾಸನಸಭೆಯಲ್ಲಿ ಅದನ್ನು ಸಮರ್ಥಿಸುವ ಹೊಣೆ ಅಂಬೇಡ್ಕರರ ಮೇಲೆಯೇ ಬಿತ್ತು. ನಿಷೇಧ ಮತ್ತೆ ಜಾರಿಗೆ ಬಂದದ್ದು 1946ರಲ್ಲಿ. ಇದನ್ನು ಮುಚ್ಚಿಡುವುದು ಭಕ್ತಿಯಾಗುತ್ತದೆಯೇ ಹೊರತು ವಿಮರ್ಶೆಯಾಗುವುದಿಲ್ಲ. ಸರ್ಕಾರದ ಒಳಗೆ ಕೂತವನಿಗೆ ಎಷ್ಟು ಜಾಗ ಇರುತ್ತದೆ, ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಜಾತಿ ಎಂಬುದು ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂದು 1936ರಲ್ಲಿ ಬರೆದವರೂ ಅವರೇ. ಆ ಮಾತನ್ನು ನಾವು ಮದುವೆ, ದೇವಸ್ಥಾನ, ಬಾವಿಗಳಿಗೆ ಅನ್ವಯಿಸಿ ಓದಿದ್ದೇವೆ. ಅಪಾಯಕ್ಕೆ ಅನ್ವಯಿಸಿ ಓದಿದರೆ ಅದರ ಅರ್ಥ ಹೀಗಾಗುತ್ತದೆ: ಅಪಾಯವನ್ನೂ ಜಾತಿಯ ಪ್ರಕಾರವೇ ಹಂಚಲಾಗಿದೆ.

ಈ ಹಂಚಿಕೆಯನ್ನು ಮರೆಮಾಚುವುದಕ್ಕೆ ಒಂದು ಶಾಸ್ತ್ರವೂ ಇದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್ರಿಕ್ ಎಂಬಾತ 1931ರಲ್ಲಿ ಕೈಗಾರಿಕಾ ಅಪಘಾತಗಳ ಬಗ್ಗೆ ಪುಸ್ತಕ ಬರೆದ. ನೂರಕ್ಕೆ 88 ಅಪಘಾತಗಳು ಮನುಷ್ಯನ ತಪ್ಪು ನಡವಳಿಕೆಯಿಂದ ಆಗುತ್ತವೆ ಎಂಬುದು ಅವನ ತೀರ್ಮಾನ. ಅವನು ನೋಡಿದ ವರದಿಗಳನ್ನು ಬರೆದವರು ಯಾರು? ಹೆಚ್ಚಾಗಿ ಮಾಲೀಕರು, ಮೇಲ್ವಿಚಾರಕರು. ಅವರು ತಮ್ಮದೇ ತಪ್ಪು ಎಂದು ಬರೆದುಕೊಳ್ಳುತ್ತಾರೆಯೆ? ಮುಂದೆ ಬಂದ ವಿದ್ವಾಂಸರು ಈ ಲೆಕ್ಕವನ್ನು ಪ್ರಶ್ನಿಸಿದರೂ ಆ 88 ಮಾತ್ರ ದಶಕಗಳ ಕಾಲ ಸುರಕ್ಷತಾ ತರಬೇತಿಗಳಲ್ಲಿ ಮಂತ್ರದ ಹಾಗೆ ಉಳಿಯಿತು. ನಮ್ಮಲ್ಲಿ ಅದರ ಕನ್ನಡ ಅನುವಾದ ಒಂದೇ ಪದ: "ಕುಡಿದಿದ್ದ." ಮ್ಯಾನ್‌ಹೋಲಿನಲ್ಲಿ ಯಾರಾದರೂ ಸತ್ತಾಗ ಸುತ್ತ ನಿಂತವರ ಬಾಯಿಂದ ಮೊದಲು ಬರುವ ಮಾತದು. ಕುಡಿಯದೆ ಆ ವಾಸನೆಗೆ ಇಳಿಯುವುದು ಹೇಗೆಂದು ಅವರಲ್ಲಿ ಯಾರೂ ಹೇಳಿಕೊಡುವುದಿಲ್ಲ.

*

1973ರ ಬೂಸಾ ಪ್ರಕರಣ ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದ್ದಲ್ಲ. ಬಿ. ಬಸವಲಿಂಗಪ್ಪನವರ ಒಂದು ಮಾತಿಗೆ ಕನ್ನಡ ಸಾಹಿತ್ಯಲೋಕ ಹೇಗೆ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹೇಗೆ ಹಲ್ಲೆಗಳಾದವು, ಆಮೇಲೆ ದಲಿತ ಚಳುವಳಿ ಹೇಗೆ ರೂಪುಗೊಂಡಿತು ಎಂಬುದು ನಮ್ಮ ಮೂಲಕಥನವೇ ಆಗಿಬಿಟ್ಟಿದೆ. ಅದೇ ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ ಇದಕ್ಕೊಂದು ಕಾಯ್ದೆ ಬಂದದ್ದು 1993ರಲ್ಲಿ, ಅಂದರೆ ಸುಮಾರು ಇಪ್ಪತ್ತು ವರ್ಷ ತಡವಾಗಿ. ಸಾಹಿತ್ಯದ ಬಗ್ಗೆ ಅವರು ಆಡಿದ ಒಂದು ಮಾತನ್ನು ಐವತ್ತು ವರ್ಷದಿಂದ ಚರ್ಚಿಸುತ್ತಿದ್ದೇವೆ. ಈ ಆಜ್ಞೆಯನ್ನು ಸುರಕ್ಷತೆಯ ಚರಿತ್ರೆಯ ದಾಖಲೆಯಾಗಿ ನಾವ್ಯಾರೂ ಓದಿಲ್ಲ. ಅಪಾಯದ ಕೆಲಸವನ್ನು ಸುಧಾರಿಸುತ್ತೇನೆ ಅನ್ನಲಿಲ್ಲ ಅವರು. ಆ ಕೆಲಸವೇ ಇರಬಾರದು ಅಂದರು. ಅಪಾಯವನ್ನು ಬುಡದಲ್ಲೇ ತೆಗೆಯುವುದು ಮೊದಲ ಹೆಜ್ಜೆ, ಕೈಗವಸು-ಮುಖಗವಸು ಕೊನೆಯ ಹೆಜ್ಜೆ ಎಂದು ಸುರಕ್ಷತಾ ಶಾಸ್ತ್ರ ಹೇಳುತ್ತದೆ. ನಮ್ಮ ನಗರಾಡಳಿತಗಳು ಕೊನೆಯದರಿಂದ ಶುರುಮಾಡಿ ಅಲ್ಲೇ ನಿಂತುಬಿಡುತ್ತವೆ.

ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬದುಕು ಮತ್ತು ಕೆಲಸದ ಬಗ್ಗೆ ವರದಿ ಕೊಟ್ಟಿತು. ಇಷ್ಟು ಜನಸಂಖ್ಯೆಗೆ ಇಷ್ಟು ಕೆಲಸಗಾರರು ಇರಲೇಬೇಕು ಎಂಬ ಲೆಕ್ಕ ಅದರಲ್ಲಿದೆ. ಇದನ್ನು ಬರಿಯ ನೇಮಕಾತಿಯ ಪ್ರಶ್ನೆ ಎಂದು ಭಾವಿಸಿದವರೇ ಹೆಚ್ಚು. ಆದರೆ ಇಬ್ಬರ ಬೀದಿಯನ್ನು ಒಬ್ಬಳು ಗುಡಿಸಿದರೆ ಅವಳ ಸೊಂಟ ಮತ್ತು ಉಸಿರು ಎರಡು ಪಾಲು ಸವೆಯುತ್ತವೆ. ಬೀದಿಗೆ ಎಷ್ಟು ಜನ ಎಂಬುದು ಆರೋಗ್ಯದ ಲೆಕ್ಕವೂ ಹೌದು.

ನನ್ನ ಅವ್ವ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಸಣ್ಣ ಊರಿನಲ್ಲಿ ಕಂತ್ರಾಟಿನ ಮೇಲೆ ಕಸ ಗುಡಿಸಿದಳು. ಅವಳಿಗೆ ಕೊಟ್ಟ ಗ್ಲೌಸು ಗಂಡಸರ ಅಳತೆಯದು. ಒಳಗೆ ಬೆವರು ನಿಂತು ಬೆರಳ ಸಂದಿ ಕೊಳೆಯುತ್ತಿತ್ತು. "ಇದ ಹಾಕ್ಕಂಡ್ರೆ ಪೊರಕೆ ಹಿಡಿಯಕಾಯ್ತದಾ ಮಗ?" ಅನ್ನೋಳು. ಫೋಟೊ ತೆಗೆಯೋಕೆ ಸಾಹೇಬರು ಬರುವ ದಿನ ಮೇಸ್ತ್ರಿ ಎಲ್ಲರಿಗೂ ಹಾಕಿಸೋನು, ಫೋಟೊ ಆದ ಮೇಲೆ ಬಿಚ್ಚಿಸಿ ಚೀಲಕ್ಕೆ ತುಂಬೋನು. ಹಾಜರಿ ಕೂಗುವ ಜಾಗದಲ್ಲಿ ಒಂದು ನಲ್ಲಿ, ಒಂದು ಕಕ್ಕಸು ಬೇಕು ಎಂದು ಅವಳೂ ಅವಳ ಗೆಳತಿಯರೂ ಕೇಳುತ್ತಲೇ ಇದ್ದರು. ಊರಿನ ಕಕ್ಕಸಿನ ಸುತ್ತ ಗುಡಿಸುವವರು ಮೂತ್ರ ತಡೆದುಕೊಂಡು ಮಧ್ಯಾಹ್ನದವರೆಗೆ ದುಡಿಯುತ್ತಿದ್ದರು. ಯಾವುದು ಅಪಾಯ ಅಂತ ಅವರನ್ನು ಕೇಳಿದ್ದರೆ ಗ್ಲೌಸಿನ ಹೆಸರು ಪಟ್ಟಿಯ ಕೊನೆಗೆ ಬರುತ್ತಿತ್ತು. ಕೇಳಿದವರು ಯಾರು?

*

ಗಣಿಯ ಚರಿತ್ರೆಗೂ ಮ್ಯಾನ್‌ಹೋಲಿನ ಚರಿತ್ರೆಗೂ ಒಂದೇ ಊರಿನಲ್ಲಿ ಗಂಟು ಬಿದ್ದಿದೆ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಹತ್ತು ವರ್ಷ ಕಳೆದು, 2011ರಲ್ಲಿ, ಕೆಜಿಎಫ್‌ನಲ್ಲಿ ಮಲದ ಗುಂಡಿಯಲ್ಲಿ ಮೂವರು ಸತ್ತರು. ಮೂರು ಕಿಲೋಮೀಟರ್ ಆಳಕ್ಕೆ ಗಾಳಿ, ಬೆಳಕು, ಲಿಫ್ಟು ಕಳಿಸುವ ವಿದ್ಯೆ ತಿಳಿದಿದ್ದ ಊರು ಅದು. ಕೆಲವೇ ಅಡಿ ಆಳದ ಗುಂಡಿಗೆ ಆ ವಿದ್ಯೆ ಬರಲಿಲ್ಲ. ಗಣಿಗೆ ಗಣಿ ಕಾಯ್ದೆ ಇತ್ತು, ಇನ್ಸ್‌ಪೆಕ್ಟರ್ ಇದ್ದ, ಸಂಘ ಇತ್ತು, ಸತ್ತವನ ಹೆಸರು ಬರೆಯಲೇಬೇಕಾದ ಪುಸ್ತಕ ಇತ್ತು. ಅವೆಲ್ಲ ಸುಮ್ಮನೆ ಬಂದವಲ್ಲ, ಜನ ಜಗಳಾಡಿ ತಂದವು. ಮಲದ ಗುಂಡಿ ಕಾರ್ಖಾನೆಯೂ ಅಲ್ಲ, ಗಣಿಯೂ ಅಲ್ಲ. ಹಾಗಾಗಿ ಅದು ಕೆಲಸದ ಜಾಗವೇ ಅಲ್ಲ ಎಂಬಂತಾಯಿತು.

2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಮತ್ತೆ ಮೂವರು. ಇಂಥ ಸಾವುಗಳು ಯಾಕೆ ಒಂಟಿಯಾಗಿ ಬರುವುದಿಲ್ಲ ಎಂಬುದನ್ನು ತಿಳಿದಿರಬೇಕು. ಕೊಳೆತ ಮಲದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು ದಾಟಿದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು, ಗಾಳಿ ತಿಳಿಯಾಯಿತು ಎಂದು ಇಳಿದವನು ನಂಬುತ್ತಾನೆ. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೇ ಬೀಳುತ್ತಾನೆ. ಮೇಲಿದ್ದವನು, ಬಹಳ ಸಲ ಅಣ್ಣನೋ ಭಾವನೋ ಆಗಿರುತ್ತಾನೆ, ಎತ್ತಲು ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಬಟ್ಟೆಯ ಮಾಸ್ಕು ಇಲ್ಲಿ ಹಣೆಗೆ ಹಚ್ಚಿದ ವಿಭೂತಿಗೆ ಸಮ. ಬೇಕಾದದ್ದು ಗಾಳಿ ಅಳೆಯುವ ಯಂತ್ರ, ಗಾಳಿ ಊದುವ ಯಂತ್ರ, ಮೇಲಿನಿಂದಲೇ ಎಳೆದುಕೊಳ್ಳುವ ಹಗ್ಗ-ರಾಟೆ. ಎಲ್ಲಕ್ಕಿಂತ ಮೊದಲು, ಮನುಷ್ಯ ಇಳಿಯದೆ ಕೆಲಸ ಮುಗಿಸುವ ಜೆಟ್ಟಿಂಗ್, ಸಕ್ಕಿಂಗ್ ಲಾರಿಗಳು. ಅವು ಹೋಗದ ಗಲ್ಲಿಗೆ ಸಣ್ಣ ಯಂತ್ರ.

ಈಗ ಕಾಯ್ದೆಯನ್ನು ಪಠ್ಯವಾಗಿ ಓದೋಣ. 2013ರ ಕಾಯ್ದೆ ಜಾರಿಯಾದದ್ದು ಡಿಸೆಂಬರ್ 6ರಂದು, ಬಾಬಾಸಾಹೇಬರ ಪರಿನಿರ್ವಾಣದ ದಿನ. ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ "ಅಪಾಯಕಾರಿ ಶುಚಿಕಾರ್ಯ"ವನ್ನು ಅದು ನಿಷೇಧಿಸುತ್ತದೆ. ಅಪಾಯಕಾರಿ ಎಂದರೇನು? ರಕ್ಷಣಾ ಸಾಧನ ಕೊಡದೆ, ಸುರಕ್ಷತಾ ಕ್ರಮ ಪಾಲಿಸದೆ ಕೈಯಿಂದ ಮಾಡಿಸುವುದು. ಅಂದರೆ ಸಾಧನ ಕೊಟ್ಟರೆ ಇಳಿಸಬಹುದು! ಸಾಧನ ಧರಿಸಿ ಮಲ ತೆಗೆಯುವವನು "ಮಲ ಹೊರುವವನು" ಎಂಬ ವ್ಯಾಖ್ಯೆಗೇ ಬರುವುದಿಲ್ಲ ಎಂಬ ವಿವರಣೆಯೂ ಅದರಲ್ಲಿದೆ. ವ್ಯಾಕರಣದ ಈ ಸಣ್ಣ ಕಿಂಡಿಯಿಂದ ಎಷ್ಟು ಹೆಣ ಹೊರಗೆ ಹೋದವು ನೋಡಿ. 2021ರ ಜುಲೈನಲ್ಲಿ ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಉತ್ತರದ ಪ್ರಕಾರ ಹಿಂದಿನ ಐದು ವರ್ಷಗಳಲ್ಲಿ ಮಲ ಹೊರುವ ಪದ್ಧತಿಯಿಂದ ಒಂದೂ ಸಾವು ವರದಿಯಾಗಿರಲಿಲ್ಲ. ಚರಂಡಿಯಲ್ಲಿ ಸತ್ತವರು ಬೇರೆ ತಲೆಬರಹದ ಕೆಳಗೆ ಇದ್ದರು. ಹೊಸ ವಿಮರ್ಶೆ, ರೂಪನಿಷ್ಠ ವಿಮರ್ಶೆ ಎಂದೆಲ್ಲ ಪದಪದ ಬಿಡಿಸಿ ಓದುವುದನ್ನು ಎಂ.ಎ. ತರಗತಿಯಲ್ಲಿ ಕಲಿತೆವಲ್ಲ, ಆ ವಿದ್ಯೆ ಇಲ್ಲಿ ಬೇಕು.

ನ್ಯಾಯಾಲಯ ಕೆಲವು ಬಾಗಿಲು ತೆರೆದಿದೆ. 2014ರಲ್ಲಿ ಸುಪ್ರೀಂ ಕೋರ್ಟು 1993ರಿಂದ ಈಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಚರಂಡಿಗೆ ಇಳಿಸುವುದನ್ನು ನಿಷೇಧಿಸಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಸಿಕ್ಕಿತು. ಅದರ ಹಿಂದೆ 2022ರ ಜುಲೈನ ಮುಷ್ಕರವಿದೆ. ನನ್ನ ದೃಷ್ಟಿಯಲ್ಲಿ ಇವುಗಳಲ್ಲಿ ಅತಿ ದೊಡ್ಡ ಸುರಕ್ಷತಾ ಕ್ರಮ ಈ ಕೊನೆಯದೇ. ನಾಳೆ ಕೆಲಸ ಹೋಗುತ್ತದೆ ಎಂಬ ಭಯ ಇರುವವನು ಗುಂಡಿಯ ಬಾಯಲ್ಲಿ ನಿಂತು ಆಗಲ್ಲ ಅನ್ನಲಾರ. ಆದರೆ ಗುಂಡಿಗೆ ಇಳಿಯುವವರು ಹೆಚ್ಚಾಗಿ ಆ ಪಟ್ಟಿಯಲ್ಲಿ ಇಲ್ಲ. ಅವರು ಯುಜಿಡಿ ಕಂತ್ರಾಟುದಾರನ ಕೈಕೆಳಗಿನ ಉಪಕಂತ್ರಾಟುದಾರನ ಆಳುಗಳು, ಫೋನಿಗೆ ಸಿಕ್ಕ ದಿನಗೂಲಿಗಳು.

ಬೇರೆ ಕಡೆ ಈ ಹಕ್ಕು ಕಾಗದದ ಮೇಲಾದರೂ ಇತ್ತು. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಸಮಾನವಾಗಿ ಕೂರುವ ಸುರಕ್ಷತಾ ಸಮಿತಿ, ಅಪಾಯ ಕಂಡರೆ ಎಚ್ಚರಿಸುವ ಹಕ್ಕು, ವೈದ್ಯಕೀಯ ತಪಾಸಣೆಯ ದಾಖಲೆ ನೋಡುವ ಹಕ್ಕುಗಳನ್ನು ಸೇರಿಸಿದರು. 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಕಾರ್ಖಾನೆ ಕಾಯ್ದೆ, ಗಣಿ ಕಾಯ್ದೆಗಳನ್ನೆಲ್ಲ ನುಂಗಿ ಒಂದು ಮಾಡಿದೆ. ಅದು ಸಾಮಾನ್ಯವಾಗಿ ಅನ್ವಯಿಸುವುದು ಹತ್ತು ಜನರಿದ್ದ ಕಡೆಗೆ. ಮೂರು ಜನರನ್ನು ಟಾಟಾ ಏಸ್‌ನಲ್ಲಿ ಕರೆದುಕೊಂಡು ಹೋಗುವವನಿಗೆ ಅದು ತಾಗದು. ಆದರೆ ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಅಧಿಸೂಚಿಸಿದ ಕೆಲಸಕ್ಕೆ ಈ ತಲೆಯೆಣಿಕೆ ಇಲ್ಲ ಎಂಬ ಮಾತೂ ಅಲ್ಲೇ ಇದೆ. ಚಳುವಳಿಯ ಗೆಳೆಯರು ಹಿಡಿಯಬೇಕಾದ ಎಳೆ ಇದು. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿನ ಕೆಲಸವನ್ನು ಆ ಪಟ್ಟಿಗೆ ಸೇರಿಸಿ ಎಂದು ಕೇಳಬೇಕು. ಪ್ರತಿ ಪುರಸಭೆಯಲ್ಲಿ ಸುರಕ್ಷತಾ ಸಮಿತಿ, ಅದರಲ್ಲಿ ಅರ್ಧ ಜನ ಪೊರಕೆ ಹಿಡಿದವರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಗಾಳಿ ಅಳೆದ ಚೀಟಿಗೆ ಇಂಜಿನಿಯರನ ಸಹಿ ಇಲ್ಲದೆ ಯಾವ ಮುಚ್ಚಳವೂ ತೆರೆಯಬಾರದು. ವರ್ಷಕ್ಕೊಮ್ಮೆ ಎದೆಯ ತಪಾಸಣೆ, ವರದಿ ಕಾರ್ಮಿಕರ ಕೈಗೆ. ಕೆಲಸ ಬಿಟ್ಟ ಮೇಲೂ ಹಲವು ವರ್ಷ ಅದು ನಡೆಯಬೇಕು, ಯಾಕೆಂದರೆ ಕೋಲಾರದ ಧೂಳು ಕಲಿಸಿದ್ದು ಅದನ್ನೇ. ಸಾಯದೆ ಉಳಿದದ್ದನ್ನೂ, ಅಂದರೆ ತಲೆ ತಿರುಗಿ ಮೇಲೆ ಬಂದದ್ದನ್ನೂ ಬರೆದಿಡುವ ಪುಸ್ತಕ ಬೇಕು.

ಕಳೆದ ವರ್ಷ ನನ್ನ ಬಿ.ಎ. ಇತಿಹಾಸದ ವಿದ್ಯಾರ್ಥಿಗಳಿಗೆ ಕಿರುಪ್ರಬಂಧಕ್ಕೆ ರಾಜವಂಶಗಳ ಬದಲು ಒಂದು ಊರಿನ ಹಳೆಯ ಹಾಜರಿ ಪುಸ್ತಕಗಳನ್ನು ಕೊಟ್ಟೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತೆಗೆಸಿದ ನಕಲುಗಳು ಅವು. ಒಂದೊಂದು ಹೆಸರು ಹಲವು ವರ್ಷ ಸಾಲಾಗಿ ಬಂದು, ಒಂದು ತಿಂಗಳು ಅಡ್ಡಗೆರೆ ಬಿದ್ದು ನಿಲ್ಲುತ್ತದೆ. ಕಾರಣದ ಕಾಲಮ್ಮು ಖಾಲಿ. ವಿದ್ಯಾರ್ಥಿಗಳು ಆ ಹೆಸರುಗಳನ್ನು ಬರೆದುಕೊಂಡು ಕಾಲೊನಿಗೆ ಹೋದರು. ಬಾಗಿಲು ತೆರೆದವರು ಹೆಂಡತಿಯರು, ಸೊಸೆಯರು. ಗಂಡನ ಕಾರ್ಡನ್ನೂ ಕಡೆಯ ಆಸ್ಪತ್ರೆ ಚೀಟಿಯನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದರು. ಹುಡುಗರು ಒಂದೊಂದನ್ನೂ ನಕಲು ಮಾಡಿಕೊಂಡು ಬಂದು ಆ ಖಾಲಿ ಕಾಲಮ್ಮುಗಳನ್ನು ಪೆನ್ಸಿಲ್ಲಿನಲ್ಲಿ ತುಂಬುತ್ತಿದ್ದಾರೆ. ಕೆಲಸ ಇನ್ನೂ ಅರ್ಧಕ್ಕೇ ಇದೆ.